ಏಳಕ್ಕೇ ಆದ ಒಸಗೆ

ನನಗಾಗ ಏಳು ವರ್ಷ. ಎಪ್ಪತ್ತರ ದಶಕದ ಕೊನೆ. ಲಂಗದಲ್ಲಿ ರಕ್ತ ಕಂಡಿದ್ದೇ ತಡ, ಜಕ್ಕೂರಿನ ನಮ್ಮ ಮನೆಯಲ್ಲಿ ಒಸಗೆಯ ಸಡಗರ ಶುರುವಾಯಿತು. ಮೈನೆರೆದ ಹುಡುಗಿಗೆ ಮಾಡುವ ಶಾಸ್ತ್ರ ಅದು. ಸೋದರಮಾವ ಹಸಿ ಸೊಪ್ಪಿನ ಗುಡಿಸಲು ಹಾಕಿ ನನ್ನನ್ನು ಒಳಗೆ ಕೂರಿಸಿದ. ಮುಂದಿನ ಹಲ್ಲುಗಳು ಬಿದ್ದಿದ್ದವು, ಕೊಟ್ಟ ಕೊಬ್ಬರಿ ಕಚ್ಚಲೂ ಆಗುತ್ತಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? ಈಗಲೂ ಸಿಟ್ಟು ಬರುತ್ತದೆ.

ಅವ್ವನಿಗೆ ಮಾತ್ರ ಬಂದಿತ್ತು. "ಅತ್ತೆ, ಇನ್ನೂ ಹಾಲುಹಲ್ಲು ಉದುರ್ತಾ ಐತೆ..." ಎಂದಳು.

"ನಮ್ ವಂಶದಾಗೆ ಎಣ್ಮಕ್ಳು ಬೇಗ್ನೆ ದೊಡ್ಡೋರಾಗ್ತಾರೆ, ಸುಮ್ಕಿರು!" ಎಂದು ಅಜ್ಜಿ ಗದರಿದಳು. ಶಾಲೆ ಬಿಡಿಸಿದರು. ಕುಂಟೆಬಿಲ್ಲೆ ಆಡಿದರೂ ಬೈಗುಳ. ನಾನೇನು ತಪ್ಪು ಮಾಡಿದೆನೋ ತಿಳಿಯದೆ ಮೂಲೆಯಲ್ಲಿ ಕೂತು ಅಳುತ್ತಿದ್ದೆ.

ಕೆಲವು ತಿಂಗಳಲ್ಲಿ ಹೊಟ್ಟೆ ಉಬ್ಬಿತು. ತಿನ್ನಿಸಿದ ತುಪ್ಪ, ಎಳ್ಳು-ಬೆಲ್ಲದ ಚಿಗಳಿ ಮೈಗೆ ಹತ್ತಿದೆ ಎಂದು ಅಜ್ಜಿಗೆ ಹಿಗ್ಗೋ ಹಿಗ್ಗು. ಅವ್ವ ಯಾರಿಗೂ ಹೇಳದೆ ನನ್ನನ್ನು ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

"ಇವಳು ದೊಡ್ಡವಳಾಗಿಲ್ಲಮ್ಮ," ಎಂದರು ಡಾಕ್ಟರಮ್ಮ. "ಒಂದು ಅಂಡಾಶಯದಲ್ಲಿ ಗೆಡ್ಡೆ ಬೆಳೆದಿದೆ. ರಕ್ತ ಹೋಗೋದು ಅದರಿಂದಾನೇ. ತೆಗೀಲೇಬೇಕು, ಬಿಟ್ರೆ ಜೀವಕ್ಕೇ ಅಪಾಯ."

ತೆಗೆದರು. ರಕ್ತ ನಿಂತಿತು.

"ಹಂಗಾದ್ರೆ ನಾನೀಗ ಚಿಕ್ಕೋಳಾ?" ಎಂದು ಕೇಳಿದೆ.

"ಚಿಕ್ಕೋಳೇ ಕಣಮ್ಮ. ಸ್ಕೂಲಿಗೆ ಹೋಗು." ಆಮೇಲೆ ಅವರು ಅವ್ವನ ಕಡೆ ತಿರುಗಿದರು. "ಗೆಡ್ಡೆ ಮತ್ತೆ ಬಂದ್ರೂ ಬರಬಹುದು. ರಕ್ತ ಕಂಡ್ರೆ ತಡಮಾಡ್ಬೇಡಿ."

ಶಾಲೆಗೇನೋ ಹೋದೆ. ಆದರೆ ಊರಿನವರ ಕಣ್ಣಿಗೆ ನಾನು ಒಸಗೆ ಆದ ಹುಡುಗಿ. ಪಕ್ಕದ ಮನೆಯವರು ಗಂಡು ನೋಡಿದಿರಾ ಎಂದು ಕೇಳಿದರೆ ಅಜ್ಜಿ ತಬ್ಬಿಬ್ಬಾಗುತ್ತಿದ್ದಳು. ಮಾಡಿದ ಶಾಸ್ತ್ರವನ್ನು ವಾಪಸ್ಸು ತೆಗೆದುಕೊಳ್ಳುವ ಶಾಸ್ತ್ರ ಅವಳಿಗೂ ಗೊತ್ತಿರಲಿಲ್ಲ, ಪಾಪ.

ಹದಿಮೂರಕ್ಕೆ ಮತ್ತೆ ರಕ್ತ ಕಂಡಿತು. ಗೆಡ್ಡೆ ಬಂತು, ಸತ್ತೇ ಹೋಗ್ತೀನಿ ಅಂದುಕೊಂಡೆ. ಎರಡು ದಿನ ಬಟ್ಟೆ ಬಚ್ಚಿಟ್ಟೆ. ಮೂರನೆಯ ದಿನ ತಡೆಯಲಾರದೆ ಅವ್ವನಿಗೆ ಹೇಳಿದೆ.

ವಯಸ್ಸು ಸರಿಯಾಗಿಯೇ ಇತ್ತು. ಅವಳು ಹಿಗ್ಗಬೇಕಿತ್ತು. ಆದರೆ ಬಾಗಿಲು ಹಾಕಿ, ನನ್ನನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯನ್ನು ಒತ್ತಿ ಒತ್ತಿ ಹುಡುಕಿದಳು. ಏನೂ ಸಿಗಲಿಲ್ಲ.

"ಏನೂ ಇಲ್ವಾ ಅವ್ವ?" ಎಂದೆ.

"ಇಲ್ಲ," ಎಂದಳು. ಮತ್ತೆ ಮೊದಲಿನಿಂದ ಒತ್ತತೊಡಗಿದಳು.