ಸರಪಳಿ ಸುಮ್ಮನಿತ್ತು

ಮಾವನ ಕಿವಿ ಬಹಳ ದೊಡ್ಡವು. ಹರೆಯದಲ್ಲಿ ಹಾಕಿದ್ದ ಕಡಕಿನ ಓಲೆ ಜೋತಾಡಿ ಜೋತಾಡಿ, ಹಾಲೆಯಲ್ಲಿ ಬೆರಳು ತೂರುವಷ್ಟು ತೂತಾಗಿತ್ತು. ಅದಕ್ಕೆ ಅರ್ಧ ಸೇದಿದ ಬೀಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ಈ ಮನುಷ್ಯನಿಗೆ ಸರಿಯಾಗಿ ಕೇಳಿಸುವುದಿಲ್ಲವಲ್ಲ ಎಂದು ಮದುವೆಯಾದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು.

ನಗು ಬೇಗ ನಿಂತಿತು. ನಾನು ಸೇಲಂ ಪೇಟೆಯಲ್ಲಿ ತುಂಬಿದ ಮನೆಯಲ್ಲಿ ಬೆಳೆದವಳು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಬಂದದ್ದು ಕೊಳತ್ತೂರಿನಾಚೆ, ಕಾಡಿಗೆ ಬೆನ್ನು ಕೊಟ್ಟು ನಿಂತ, ಬೀದಿಯ ಕಡೇ ಮನೆಗೆ. ಗಂಡ ಲಾರಿ ಓಡಿಸುತ್ತಿದ್ದರು. ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಉಳಿದವರು ಮಾವ ಮತ್ತು ನಾನು. ಮಾವನಾದವನು ಸೊಸೆಯ ಮುಖ ನೋಡಿ ಮಾತಾಡಬಾರದು, ಅದು ಆ ಮನೆಯ ಕಟ್ಟುನಿಟ್ಟು. ಬೇಕಾದದ್ದನ್ನೆಲ್ಲ ಅವರು ಗೋಡೆಗೆ ಹೇಳುತ್ತಿದ್ದರು, ಇಲ್ಲವೇ ಕಟ್ಟಿಹಾಕಿದ ಮೇಕೆಗೆ. "ಬಿಸಿನೀರು ಇದ್ರೆ ಆಗಾದು" ಎಂದು ಮೇಕೆಗೆ ಹೇಳಿದರೆ ನಾನು ನೀರು ತಂದಿಡಬೇಕು. ನನ್ನನ್ನು ಕಂಡರೆ ಇವರಿಗೆ ಆಗುವುದಿಲ್ಲ ಎಂದೇ ನಂಬಿದ್ದೆ. ತವರಿಗೆ ಹೋಗಿಬಿಡೋಣ ಎಂದು ಎಷ್ಟೋ ಸಲ ಸೀರೆ ಮಡಚಿಟ್ಟದ್ದುಂಟು.

ಮಾವ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಕಾಡಿನಂಚಿನ ಕುಂಟೆಗೆ ಸಂಜೆ ನೀರು ಕುಡಿಯಲು ಬರುವ ಜಿಂಕೆಗಳನ್ನು ಮರದ ಮೇಲೆ ಕೂತು ಎಣಿಸಬೇಕು. ಹರೆಯದಲ್ಲಿ ಅದೇ ಮರದಿಂದ ಅವುಗಳನ್ನೇ ಹೊಡೆದವರು. "ಆವಾಗ ಒಡೆಯಾಕೆ ಕುಂತೆ, ಈಗ ಲೆಕ್ಕಕ್ಕೆ ಕುಂತಿವ್ನಿ. ಕುಂಡ್ರಾದು ಒಂದೇ" ಎನ್ನುತ್ತಿದ್ದರು ಬಂದವರ ಹತ್ತಿರ. ಕೂರಲು ತಾವೇ ಒಂದು ಪಟ್ಟಿ ಮಾಡಿಕೊಂಡಿದ್ದರು. ಲಾರಿಯ ತಾರ್ಪಾಲು ಬಿಗಿಯುವ ಅಗಲ ಪಟ್ಟಿ, ಎರಡು ಕೊನೆಗೂ ಕಬ್ಬಿಣದ ಬಳೆ, ಬಳೆಗೆ ಕೊಂಡಿ, ಕೊಂಡಿಯಿಂದ ಮರವನ್ನು ಸುತ್ತುವ ಸರಪಳಿ. ಪಟ್ಟಿಯಲ್ಲಿ ಸೊಂಟ ಊರಿ, ಕಾಲು ಮರಕ್ಕೆ ಕೊಟ್ಟು ಜೋತು ಕೂರುವುದು. ಕಬ್ಬಿಣ ಒಂದು ಸಲ ಕಿಣಿ ಎಂದರೂ ಜಿಂಕೆ ಅತ್ತ ಸುಳಿಯದು. ಅದಕ್ಕೆ ಸರಪಳಿಯ ಮೇಲೆ ಹಳೇ ಸೈಕಲ್ ಟ್ಯೂಬು ಏರಿಸುತ್ತಿದ್ದರು. ರಬ್ಬರಿನ ವಾಸನೆ ಹೋಗಲೆಂದು ಟ್ಯೂಬನ್ನು ಮೊದಲು ಮೇಕೆ ಗೊಬ್ಬರದ ಗುಂಡಿಯಲ್ಲಿ ಹೂಳುವುದು ಬೇರೆ. ಆಮೇಲೆ ಕೊಂಡಿಗೂ ಬಳೆಗೂ ಬಟ್ಟೆ ಸುತ್ತುವುದು.

ಕಿವಿ ಇನ್ನಷ್ಟು ಮಂದವಾದ ಮೇಲೆ ಕಬ್ಬಿಣ ಸದ್ದು ಮಾಡುತ್ತದೋ ಇಲ್ಲವೋ ಅವರಿಗೆ ತಿಳಿಯದಾಯಿತು. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಪಟ್ಟಿಯನ್ನು ಅಲ್ಲಾಡಿಸಿದರು. ಗೋಡೆ ನೋಡಿದರು, ಮೇಕೆ ನೋಡಿದರು. ಬೇರೆ ದಾರಿ ಕಾಣದೆ ನನ್ನ ಮುಖ ನೋಡಿದರು.

"ಸದ್ದು ಐತಾ?"

ಸೌಟು ಬದಿಗಿಟ್ಟು ಕಿವಿಗೊಟ್ಟೆ. ಐತೆ ಎಂದು ತಲೆಯಾಡಿಸಿದೆ. ಸುತ್ತಲು ಬಟ್ಟೆ ಬೇಕೆಂದು ಪೆಟ್ಟಿಗೆಯಿಂದ ಅತ್ತೆಯ ಹಳೇ ಸೀರೆ ತಂದುಕೊಟ್ಟರೆ ಮೆಲ್ಲಗೆ ಮಡಚಿ ವಾಪಸ್ಸು ಇಟ್ಟರು. "ಇದು ಬ್ಯಾಡ. ನನ್ ವೇಷ್ಟಿ ಅರಿ" ಎಂದರು, ಮತ್ತೆ ಗೋಡೆ ನೋಡಿಕೊಂಡು. ಅವರ ಪಂಚೆಯನ್ನೇ ಹರಿದುಕೊಟ್ಟೆ. ಅಂದಿನಿಂದ ಮರಕ್ಕೆ ಹೊರಡುವ ಮುಂಚೆ ಅವರು ಅಲ್ಲಾಡಿಸುವುದು, ನಾನು ತಲೆಯಾಡಿಸುವುದು. ಆ ಮನೆಯಲ್ಲಿ ನಾನು ಕಾಯುತ್ತಿದ್ದದ್ದು ಅದೊಂದಕ್ಕೇ.

ಆದರೂ ಜಿಂಕೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಕುಂಟೆ ಸುತ್ತ ಹೆಜ್ಜೆ ಗುರುತು, ಸಂಜೆ ಮಾವ ಕೂತಾಗ ಮಾತ್ರ ಒಂದೂ ಇಲ್ಲ. ಇಲಾಖೆಯ ಗಾರ್ಡು ಮನೆಗೇ ಬಂದ. ಇನ್ನೊಂದು ವಾರ ನೋಡಿ ಬೇರೆಯವರನ್ನು ಹಾಕುತ್ತೇವೆ ಎಂದು ತಮಿಳಿನಲ್ಲಿ ನನಗೆ ಹೇಳಿ ಹೋದ. ನಾನು ಅದನ್ನು ಮಾವನ ಕಿವಿಗೆ ಬಾಯಿಟ್ಟು ಕೂಗಿದೆ. ಅವರ ಮುಖ ಇಳಿದುಹೋಯಿತು. "ಆ ಮರ ಬುಟ್ರೆ ನಂಗೆ ಎಲ್ಲೈತೆ ಜಾಗ" ಎಂದರು. ಪಟ್ಟಿ ಕೈಗೆತ್ತಿಕೊಂಡು, "ಕೊಂಡೀದೇ ಇರ್ಬೇಕು. ನೀ ಬಂದು ಕೇಳು" ಎಂದರು.

ಸಂಜೆ ಅವರು ಮರ ಹತ್ತಿದರು. ನಾನು ತುಸು ದೂರದಲ್ಲಿ ಪೊದೆಯ ಮರೆಯಲ್ಲಿ ಕೂತೆ. ಸರಪಳಿ ಸುಮ್ಮನಿತ್ತು. ಕೊಂಡಿ, ಬಳೆ, ಯಾವುದೂ ಉಸಿರೆತ್ತಲಿಲ್ಲ. ಕತ್ತಲಾಗುವ ಮುಂಚೆ ಆಚೆ ದಡದಲ್ಲಿ ಜಿಂಕೆಗಳು ಕಂಡವು. ಆಗ ಮರದ ಮೇಲಿಂದ ಸ್ಪಷ್ಟವಾಗಿ ಮಾತು ಬಂತು.

"ಇವ್ಳೇ, ಆ ಎಣ್ಣು ಇವತ್ತೂ ಸರ್ಯಾಗಿ ಉಣ್ಲಿಲ್ಲ ಕಣೆ. ನಾಕ್ ಜನದ ಮದ್ಯೆ ಬೆಳ್ದಿರಾದು, ಇಲ್ಲಿ ಗ್ವಾಡೆ ನೋಡ್ಕಂಡು ಕುಂತೈತೆ. ನಾನು ಮಾತಾಡ್ಸಾದು ಮರ್ವಾದೆ ಅಲ್ವಲ್ಲ. ನೀನಿದ್ದಿದ್ರೆ ಪಕ್ಕದಾಗೆ ಕುಂಡ್ರುಸ್ಕಂಡು ಇಕ್ತಿದ್ದೆ."

ತೀರಿಹೋದ ಅತ್ತೆಯೊಡನೆ ಮಾತಾಡುತ್ತಿದ್ದರು. ಜಿಂಕೆಗಳು ಕತ್ತೆತ್ತಿ, ಕಾಲು ಬಡಿದು, ಓಡಿಹೋದವು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಮದುವೆಯಾದಾಗಿನಿಂದ ನಾನು ಉಂಡೆನೋ ಇಲ್ಲವೋ ಎಂದು ಯಾರೂ ನೋಡಿದ್ದಿಲ್ಲ ಎಂದುಕೊಂಡಿದ್ದೆ.

ಕೆಳಗಿಳಿದವರು ಕೇಳಿದರು: "ಯಾವ್ದು? ಕೊಂಡೀನಾ?"

ಸುಳ್ಳು ಹೇಳಿದರೆ ಮರ ಹೋಗುತ್ತದೆ, ನಿಜ ಹೇಳಿದರೆ ಮಾತು ಹೋಗುತ್ತದೆ. ಮರ ಉಳಿಯಲಿ ಎಂದು ನಿಜವನ್ನೇ ಕೂಗಿದೆ: "ಮಾವ, ನೀವೇ ಮಾತಾಡ್ತಿದ್ರಿ."

"ಬಾಯ್ಬುಟ್ಟಾ?"

"ಊಂ" ಎಂದು ತಲೆಯಾಡಿಸಿದೆ.

"ಎಲ್ಲಾ ಕೇಳುಸ್ತಾ?"

"ಕೇಳುಸ್ತು."

ಬೇರಿನ ಮೇಲೆ ಕೂತುಬಿಟ್ಟರು. "ಮನಸ್ನಾಗೆ ಅಂದ್ಕಂತಿವ್ನಿ ಅಂದ್ಕಂಡಿದ್ದೆ" ಎಂದರು.

ಎಷ್ಟೋ ಸಂಜೆ, ಮಾತು ಹೊರಡದಿರಲೆಂದು ಟವೆಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕೂತು ನೋಡಿದರು. ಜಿಂಕೆ ಬಂದವು, ಲೆಕ್ಕ ಸಿಕ್ಕಿತು, ಗಾರ್ಡು ಸುಮ್ಮನಾದ. ಮಾವ ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದರು. ಕೊನೆಗೆ ತಾವೇ ಹೋಗಿ, ಬೇರೆಯವರನ್ನು ಹಾಕಿಕೊಳ್ಳಿ ಎಂದು ಹೇಳಿ ಬಂದರು. ಸಂಜೆ ಜಗಲಿಯ ಮೇಲೆ ಕೂತು ಅತ್ತೆಯ ಹತ್ತಿರ ಎಲ್ಲವನ್ನೂ ಗಟ್ಟಿಯಾಗಿ ಹೇಳತೊಡಗಿದರು. ನಾನು ಒಳಗೆ ರಾಗಿ ಕೇರುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಕೇಳಿಸುತ್ತದೆ ಎಂದು ಅವರಿಗೂ ಗೊತ್ತಿತ್ತು. ಕೆಲವು ವರ್ಷ ಆ ಮನೆಯಲ್ಲಿ ನಾವು ಮಾತಾಡಿಕೊಂಡದ್ದು ಹೀಗೆ. ಸೀರೆ ಮಡಚಿಡುವುದನ್ನು ನಾನು ಬಿಟ್ಟೆ.

ಅವರು ತೀರಿಕೊಂಡ ದಿನವೂ ನಾವಿಬ್ಬರೇ. ಗಂಡ ಎಲ್ಲೋ ದಾರಿಯಲ್ಲಿ. ಜ್ವರದಲ್ಲಿ ಕಣ್ಣು ಮುಚ್ಚಿಕೊಂಡೇ, "ಇವ್ಳೇ, ಆ ಎಣ್ಣು ಉಂಡ್ತಾ ಕೇಳು" ಎಂದರು. ಬೆಳಗಿನಿಂದ ನನ್ನ ಬಾಯಿಗೆ ನೀರೂ ಬಿದ್ದಿರಲಿಲ್ಲ. ಅವರ ಕಿವಿಗೆ ಬಾಯಿಟ್ಟು, "ಉಂಡೆ ಮಾವ, ಉಂಡೆ" ಎಂದು ಕೂಗಿದೆ. ನನ್ನ ಕೂಗಿಗೆ ಬೀದಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಮಾವ ಮಾತ್ರ ಇನ್ನೊಂದು ಸಲ ಅದನ್ನೇ ಕೇಳಿದರು.