ಗುಳಿ ಬಿದ್ದ ನೀಲಿ ಬಿಲ್ಲೆ

ಸೋಮವಾರದ ದೀಪಕ್ಕೆಂದು ಬತ್ತಿ ಹೊಸೆಯುತ್ತಾ ಕೂತಿದ್ದೆ. ಹತ್ತಿ ಬೆರಳಲ್ಲಿ ಜಾರಬಾರದೆಂದು ಪಕ್ಕದಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡಿರುತ್ತೇನೆ. ನಾಲ್ಕು ಬತ್ತಿಗೊಮ್ಮೆ ಬೆರಳು ಮುಟ್ಟಿಸಿಕೊಂಡರೆ ಎಳೆ ಹಿಡಿತಕ್ಕೆ ಬರುತ್ತದೆ. ಅಷ್ಟರಲ್ಲಿ ಹೊಳಲ್ಕೆರೆಯಿಂದ ರುದ್ರಣ್ಣನ ಹೆಂಡತಿ ಗಂಗಕ್ಕನ ಫೋನು ಬಂತು.

"ಪಾರ್ವತಿ, ನಿಮ್ ರುದ್ರಣ್ಣ ಹೋದ್ರು ಕಣೇ. ಕಾಫಿ ಕುಡುದು ಲೋಟ ಕೆಳಗಿಟ್ರು, ಗೋಡೆಗೆ ಒರಗಿದ್ರು, ಅಷ್ಟೇ. ನಾಳೆ ಮಧ್ಯಾಹ್ನ ಮಣ್ಣು ಮಾಡ್ತಾರೆ. ಬಂದ್ಬಿಡ್ರಿ."

ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಶಿವ ಅಷ್ಟು ದಯೆ ತೋರಿಸಿದ. ಫೋನು ಇಟ್ಟು ನೋಡಿಕೊಂಡರೆ ನನ್ನ ಹೆಬ್ಬೆರಳು, ತೋರುಬೆರಳು ಬೆಳ್ಳಗಿದ್ದವು. ರುದ್ರಣ್ಣನಿಗೆ ಕೆಲಸದಲ್ಲಿದ್ದಷ್ಟೂ ಕಾಲ ಇದೇ ಎರಡು ಬೆರಳು ನೀಲಿ.

ಆ ನೀಲಿ ಸೋಪಿಗೂ ಹೋಗುತ್ತಿರಲಿಲ್ಲ, ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗ ಪಕ್ಕದವರು ಅವರ ಬೆರಳನ್ನೇ ನೋಡುವರು. "ಪೇಂಟಿನ ಕೆಲ್ಸಾನಾ?" ಎಂದು ಯಾರೋ ಕೇಳಿದ್ದಕ್ಕೆ ಗಂಗಕ್ಕ ಹೇಳಿದ್ದು ಇವತ್ತಿಗೂ ನೆನಪಿದೆ: "ಪೇಂಟಲ್ಲ ಕಣಪ್ಪ, ಇವ್ರು ಮದ್ವೆ ಆಗಿರೋದು ನೀಲಿ ಬಿಲ್ಲೇನ. ನಾನು ಸುಮ್ನೆ ಮನೇಲಿರೋಳು." ರುದ್ರಣ್ಣ ತಲೆ ಎತ್ತದೆ ಪಾಯಸ ಸೊರ್ರನೆ ಹೀರಿದರು.

ಪೂರ್ತಿ ಹೆಸರು ತಿಪ್ಪೇರುದ್ರಪ್ಪ. ಚಿತ್ರದುರ್ಗದ ಒಂದು ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಮಾರ್ಕರ್ ಆಗಿದ್ದರು. ಆಡುವವರ ಅಂಕ ಕೂಗುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹೊಡೆಯುವುದು, ಚೆಂಡು ಹೊಡೆಯುವ ಕೋಲುಗಳ ತುದಿ ಸರಿಮಾಡುವುದು, ಇಷ್ಟು ಕೆಲಸ. ನಮ್ಮದೂ ಅವರದೂ ಅಂಟಿಕೊಂಡ ಮನೆ. ಎರಡು ಮನೆಗೂ ಒಂದೇ ಹಿತ್ತಲು, ಒಂದೇ ಬಟ್ಟೆ ಒಗೆಯುವ ಕಲ್ಲು. ಬಿಲ್ಲೆಯ ವಿಚಾರ ನನಗೆ ತಿಳಿದದ್ದೂ ಆ ಕಲ್ಲಿನಿಂದಲೇ.

ನಾನು ಈ ಮನೆಗೆ ಬಂದ ಹೊಸತು. ಯಜಮಾನರ ಪೂಜೆಯ ಬಿಳಿ ಪಂಚೆಯನ್ನು ಕಲ್ಲಿನ ಮೇಲೆ ಹಾಕಿ ನಾಲ್ಕು ಸಲ ಕುಕ್ಕಿ ಎತ್ತುತ್ತೇನೆ, ಅಂಚಿನುದ್ದಕ್ಕೂ ನೀಲಿ! ಸಿಟ್ಟು ನೆತ್ತಿಗೇರಿತು. ಬೇಲಿ ಪಕ್ಕ ಬೇವಿನಕಡ್ಡಿ ಕಚ್ಚುತ್ತಾ ನಿಂತಿದ್ದವರನ್ನು ಕೇಳಿಯೇಬಿಟ್ಟೆ.

"ಏನ್ರೀ ರುದ್ರಣ್ಣ, ಕಲ್ಲಿಗೆ ಓಕುಳಿ ಆಡ್ಸಿದೀರೇನು?"

ಅವರು ಕಡ್ಡಿ ಬಿಸಾಡಿ ಓಡಿಬಂದರು. "ತಪ್ಪಾತು ತಾಯಿ. ಬೆಳಿಗ್ಗೆ ಬಿಲ್ಲೆ ತಿಕ್ಕಿದ್ದೆ, ತೊಳೆಯಾದು ಮರ್ತೆ. ಪಂಚೆ ಇಲ್ಲಿ ಕೊಡು, ನಾನೇ ಒಗೀತೀನಿ."

ಪಂಚೆ ಕೊಡಲಿಲ್ಲ. ಬಿಲ್ಲೆ ಎಂದರೇನು ಎಂದು ಕೇಳಿದೆ. ಅಂಗಿಯ ಜೇಬಿನಿಂದ ಒಂದು ತೆಗೆದು ಅಂಗೈ ಮೇಲಿಟ್ಟರು. ಚೌಕದ ಸಣ್ಣ ನೀಲಿ ಸೀಮೆಸುಣ್ಣ, ಸುತ್ತ ಕಾಗದ, ನಡುವೆ ಆಳವಾದ ಗುಳಿ. ಕೋಲಿನ ತುದಿಯಲ್ಲಿ ಚರ್ಮ ಅಂಟಿಸಿರುತ್ತದಂತೆ. ಆ ಚರ್ಮಕ್ಕೆ ಈ ಪುಡಿ ಹತ್ತಿದ್ದರೆ ಮಾತ್ರ ಕೋಲು ಚೆಂಡನ್ನು ಹಿಡಿಯುತ್ತದೆ, ಇಲ್ಲವಾದರೆ ಜಾರುತ್ತದೆ. ಆದರೆ ಆಡಲು ಬಂದವರು ಕೋಲಿನ ತುದಿಯನ್ನು ಬಿಲ್ಲೆಯ ನಡುವೆ ಒತ್ತಿ ಗರಗರ ತಿರುಗಿಸುತ್ತಾರೆ. ನಾಲ್ಕು ದಿನಕ್ಕೆ ಗುಳಿ ಬೀಳುತ್ತದೆ. ಆಮೇಲೆ ಪುಡಿ ಚರ್ಮಕ್ಕೆ ಸರಿಯಾಗಿ ಹತ್ತದೆ ಕೋಲಿನ ಕುತ್ತಿಗೆಗೆಲ್ಲ ಮೆತ್ತುತ್ತದೆ. ಆಗ ಬಿಸಾಡಿ ಹೊಸದು ಕೇಳುತ್ತಾರೆ.

"ಇದ್ರಲ್ಲಿ ಇನ್ನೂ ಅರ್ಧ ಜೀವ ಐತೆ ನೋಡು ತಾಯಿ. ಬಿಸಾಕಾಕೆ ಮನ್ಸು ಬರಲ್ಲ" ಎಂದರು.

ಆಡುವವರು ಬಿಸಾಡಿದ್ದನ್ನೆಲ್ಲ ರುದ್ರಣ್ಣ ಆರಿಸಿ ತರುವರು. ಬ್ಲೇಡಿನಿಂದ ಮೇಲಂಚಿನ ಕಾಗದವನ್ನು ಎಳ್ಳಷ್ಟು ಸುಲಿಯುವರು. ಎತ್ತರ ಉಳಿದ ಅಂಚನ್ನು ಒಣಕಲ್ಲಿನ ಮೇಲೆ ಮೆಲ್ಲಗೆ ತಿಕ್ಕಿ ಗುಳಿಯ ಮಟ್ಟಕ್ಕೆ ತರುವರು. ಮತ್ತೆ ಹೊಸ ಬಿಲ್ಲೆಯಂತೆ ಸಪಾಟು. ಹೀಗೆ ತಿಕ್ಕಿ ತಿಕ್ಕಿ ಬೆರಳಿಗೆ ಸಿಗದಷ್ಟು ತೆಳುವಾದಾಗ ಅದನ್ನು ಹಳೇ ಕೇರಂ ಕಾಯಿಯ ಮೇಲೆ ಬಡಗಿಯ ಅಂಟಿನಿಂದ ಕೂರಿಸುವರು, ಹಿಡಿದುಕೊಳ್ಳಲು ಪೀಠ ಆಯಿತಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿಯಬಾರದೆಂದು ಅಕ್ಕಿಕಾಳು ಹಾಕಿದ ಡಬ್ಬಿಯಲ್ಲಿ ಇಡುವರು. ತಿಕ್ಕುವಾಗ ಉದುರಿದ ಪುಡಿಯನ್ನೂ ಬಿಡದೆ ಇನ್ನೊಂದು ಡಬ್ಬಿಗೆ ಗುಡಿಸಿಡುವರು. ಅದು ಯಾತಕ್ಕೆ ಎಂದರೆ, "ಯಾತಕ್ಕೂ ಅಲ್ಲ, ಇರ್ಲಿ" ಎನ್ನುವರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಿ ಬಳಸುವವಳು ನಾನು, ನನಗೆ ಇಂಥ ಮನುಷ್ಯ ಅರ್ಥವಾಗದೆ ಇರುತ್ತಾರೆಯೇ? ಮಾರನೆಯ ದಿನವೇ ಅವರು ತಿಕ್ಕುವುದಕ್ಕೆಂದು ಎಲ್ಲಿಂದಲೋ ಒಂದು ಸಪಾಟಾದ ಬಂಡೆ ಚೂರು ತಂದು ತಮ್ಮ ಬಾಗಿಲ ಬಳಿ ಹಾಕಿಕೊಂಡರು. ಪಂಚೆಯ ನೀಲಿ ಮಾತ್ರ ಪೂರ್ತಿ ಹೋಗಲಿಲ್ಲ.

ಒಮ್ಮೆ ನಾನು ಬತ್ತಿ ಹೊಸೆಯುವುದನ್ನು ನೋಡುತ್ತಾ ನಿಂತರು. "ಪಾರ್ವತಮ್ಮ, ನಿನ್ದೂ ನಂದೂ ಒಂದೇ ಕಸುಬು ಕಣಮ್ಮ. ನೀನು ಬೆರಳಿಗೆ ಮುಟ್ಟಿಸ್ತೀಯ, ನಾನು ಕೋಲಿಗೆ. ಆದ್ರೆ ನಿನ್ ವಿಭೂತಿ ಗಟ್ಟಿ ನೋಡು, ನಮ್ ಕ್ಲಬ್ಬಿನೋರು ಮಾಡ್ದಂಗೇ ಗುಳಿ ಮಾಡೀಯ." ನೋಡಿದರೆ ಹೌದು. ದಿನಾ ಒಂದೇ ಜಾಗದಲ್ಲಿ ಬೆರಳು ಒತ್ತಿ ಒತ್ತಿ ನಡುವೆ ಬಟ್ಟಲಾಗಿತ್ತು. "ಉಜ್ಜಬಾರ್ದು, ಸವರ್ಬೇಕು. ಸವರಿ ಸವರಿ ತಿರುಗಿಸ್ತಾ ಇರ್ಬೇಕು. ಗುಳಿ ಬೀಳಾದು ಬಿಲ್ಲೆ ತಪ್ಪಲ್ಲ, ತಿರುಗಿಸ್ದೆ ಇರೋ ಕೈ ತಪ್ಪು." ಅಂದಿನಿಂದ ನನ್ನ ಗಟ್ಟಿ ಎಲ್ಲ ಕಡೆಯೂ ಸಮನಾಗಿ ಸವೆಯುತ್ತದೆ. ಅದು ಮೊದಲಿಗಿಂತ ಎಷ್ಟೋ ಹೆಚ್ಚು ದಿನ ಬರುತ್ತದೆ.

ಈಗ ನನ್ನ ತಪ್ಪಿನ ಕಥೆ ಹೇಳಬೇಕು. ಅದನ್ನು ಬಿಟ್ಟರೆ ರುದ್ರಣ್ಣನ ಬಗ್ಗೆ ಹೇಳಿದಂತೆ ಆಗುವುದಿಲ್ಲ.

ಒಂದು ಸಲ ಕ್ಲಬ್ಬಿಗೆ ಬಿಲ್ಲೆಯ ಪೆಟ್ಟಿಗೆ ಬರುವುದು ತಡವಾಯಿತು. ಭಾನುವಾರ ಹಿರಿಯೂರಿನಿಂದ ಆಡಲು ಜನ ಬರುವವರಿದ್ದರು. ರುದ್ರಣ್ಣ ಇದ್ದಬದ್ದ ಸವೆದ ಬಿಲ್ಲೆಗಳನ್ನೆಲ್ಲ ಮುಂದಿಟ್ಟುಕೊಂಡು ತಿಕ್ಕುತ್ತಾ ಕೂತಿದ್ದರು. ಬಾಗಿ ಬಾಗಿ ಬೆನ್ನು ಹಿಡಿದುಕೊಂಡಿತ್ತು. ನನಗೆ ಅಯ್ಯೋ ಅನ್ನಿಸಿತು. ಡಬ್ಬಿ ತುಂಬಾ ಪುಡಿ ಸುಮ್ಮನೆ ಕೂತಿದೆಯಲ್ಲ! ನಮ್ಮ ತವರಿನಲ್ಲಿ ಒಡೆದ ವಿಭೂತಿಯ ಪುಡಿಯನ್ನು ಕಲಸಿ, ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ ಮತ್ತೆ ಗಟ್ಟಿ ಮಾಡುತ್ತಿದ್ದರು. ಗಂಗಕ್ಕನನ್ನು ಕೇಳಿ ಡಬ್ಬಿ ತಂದೆ. ನೀರು ಹಾಕಿದರೆ ಉದುರೀತು ಎಂದು ಅನ್ನ ಬಸಿದ ಗಂಜಿ ಹಾಕಿ ಕಲಸಿದೆ. ಮೂರು ಬಿಲ್ಲೆ ಆದವು. ಎರಡು ದಿನಕ್ಕೆ ಕಲ್ಲಿನಂತೆ ಗಟ್ಟಿಯಾದವು. ಅವತ್ತು ಸಂಜೆ ತಟ್ಟೆಯಲ್ಲಿಟ್ಟು ಕೊಂಡೊಯ್ದು ಕೊಟ್ಟೆ.

ರುದ್ರಣ್ಣ ಒಂದನ್ನು ಉಗುರಿನಿಂದ ಕೆರೆದು ನೋಡಿದರು. "ಚೆನ್ನಾಗ್ ಮಾಡೀಯ ತಾಯಿ. ಗಂಜಿ ಬಿದ್ದೈತಲ್ಲ, ಜಾರ್ತೈತೋ ಏನೋ. ಸೋಮವಾರ ಯಾರೂ ಇಲ್ದಾಗ ನೋಡ್ತೀನಿ" ಎಂದು ಜೇಬಿಗೆ ಹಾಕಿಕೊಂಡರು. ನನಗೆ ಹೆಮ್ಮೆಯೋ ಹೆಮ್ಮೆ.

ಭಾನುವಾರ ಕ್ಲಬ್ಬಿಗೆ ಹೋದವರು ಜೇಬಿನ ಬಿಲ್ಲೆಗಳನ್ನು ತೆಗೆದು ಎಂದಿನ ಅಭ್ಯಾಸದಿಂದ ಅಲ್ಲಿನ ಬಿಲ್ಲೆ ಡಬ್ಬಿಯ ಮೂಲೆಯಲ್ಲಿ ಇಟ್ಟರಂತೆ. ಹಿರಿಯೂರಿನ ಅತಿಥಿ ಕೈಹಾಕಿದವರು ಅದನ್ನೇ ಎತ್ತಿಕೊಂಡರು. ಕೋಲಿನ ತುದಿಗೆ ತಿರುವಿದರು, ಬಾಗಿ ಹೊಡೆದರು. ಕೋಲು ಚೆಂಡಿನ ಮೇಲೆ ಜಾರಿ ಕೆಳಕ್ಕೆ ಹೊಡೆಯಿತು. ಹಸಿರು ಬಟ್ಟೆ ಬೆರಳುದ್ದ ಸೀಳಿತು.

ನನಗೆ ಇದೊಂದೂ ತಿಳಿಯದು. ರುದ್ರಣ್ಣ ಮೂರು ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಕೇಳಿದರೆ "ರಜಾ ಕೊಟ್ಟವ್ರೆ" ಎಂದರು. ಬೆರಳಿನ ನೀಲಿ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿದವಳೇ ಗಂಗಕ್ಕನನ್ನು ಹಿತ್ತಲಿಗೆ ಕರೆದು ಕೇಳಿದೆ.

"ಹೇಳ್ಬ್ಯಾಡ ಅಂದಾರೆ" ಎಂದಳು. ಆಮೇಲೆ ಅವಳ ಬಾಯಿ ಅವಳ ಮಾತು ಕೇಳಲಿಲ್ಲ. "ನಿನ್ ಬಿಲ್ಲೆ ಕಣೇ. ಬಟ್ಟೆ ಹರೀತು. ಎಂಥದು ಈ ಬಿಲ್ಲೆ, ಯಾರ್ ಮಾಡಿದ್ದು ಅಂತ ಕಮಿಟಿಯೋರೆಲ್ಲ ಎಗರಾಡವ್ರೆ. ಇವ್ರು, ತಪ್ಪು ನಂದೇ ಅಂದು ಕೈ ಕಟ್ಕಂಡು ನಿಂತವ್ರೆ. ತೀರ್ಮಾನ ಆಗೋಗಂಟ ಬರ್ಬ್ಯಾಡ ಅಂತ ಕಳ್ಸವ್ರೆ. ಇಷ್ಟು ವರ್ಷದಲ್ಲಿ ಆ ಬಟ್ಟೆ ಮೇಲೆ ಒಂದು ಗೀರು ಬಿದ್ದಿರ್ಲಿಲ್ಲ. ಮನುಷ್ಯ ಅನ್ನ ಮುಟ್ತಿಲ್ಲ."

ನನ್ನ ಗಂಜಿಯಿಂದ ಒಬ್ಬರ ಕೆಲಸ ಹೋಗುವುದರಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಕೈ ಎಂದರೆ ರುದ್ರಣ್ಣನ ಕೈ ಎನ್ನುತ್ತಿದ್ದ ಜನರ ಎದುರಿಗೆ ಅವರ ಹೆಸರು ಹೋಗಿತ್ತು. ದೇವರ ಮುಂದೆ ಕೂತರೆ ಮಂತ್ರ ಮರೆತುಹೋಯಿತು. ಹೋಗಿ ಹೇಳೋಣವೆಂದರೆ ಕ್ಲಬ್ಬು ಗಂಡಸರ ಜಾಗ, ನಮ್ಮ ಬೀದಿಯ ಹೆಂಗಸರು ಯಾರೂ ಅದರ ಗೇಟು ದಾಟಿದವರಲ್ಲ. ಹೀಗೇ ಮೀನಮೇಷ ಎಣಿಸುತ್ತಾ ಐದು ದಿನ ಕಳೆದೆ. ಅದು ನನ್ನ ಎರಡನೆಯ ತಪ್ಪು. ಕೊನೆಗೆ ಯಜಮಾನರೇ ಅಂದರು: "ಹೋಗ್ಬಾ. ಹೋಗ್ದಿದ್ರೆ ನಿನಗೂ ಅನ್ನ ಸೇರಲ್ಲ."

ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಪುಡಿ ಡಬ್ಬಿ ಕೈಯಲ್ಲಿ ಹಿಡಿದು ಹೋದೆ. ಕ್ಲಬ್ಬಿನ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಬಿಲಿಯರ್ಡ್ಸ್ ಕೋಣೆಯಲ್ಲೇ ಇದ್ದರು. ಆ ಮೇಜನ್ನು ನೋಡಿದ್ದು ಅದೊಂದೇ ಸಲ. ಅಷ್ಟಗಲದ ಹಸಿರು, ಮೇಲೆ ತಗ್ಗಾಗಿ ಇಳಿಬಿಟ್ಟ ದೀಪಗಳು, ನಡುವೆ ಆ ಸೀಳು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡೆ.

"ಡಾಕ್ಟ್ರೇ, ಆ ಬಿಲ್ಲೆ ರುದ್ರಣ್ಣ ಮಾಡಿದ್ದಲ್ಲ. ನಾನು ಮಾಡಿದ್ದು. ಗಂಜಿ ಹಾಕಿ ಕಲಸಿದ್ದೆ. ಶಿಕ್ಷೆ ಏನಿದ್ರೂ ನನಗೆ ಹೇಳ್ರಿ" ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅವರು ಡಬ್ಬಿ ತೆರೆದು ನೋಡಿದರು, ಮುಚ್ಚಿದರು. "ಗಂಜಿನಾ?" ಎಂದರು. ಆಮೇಲೆ ಕಿಟಕಿಯ ಮೇಲಿದ್ದ ಒಂದು ತಟ್ಟೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. ತಟ್ಟೆಯ ತುಂಬ ನೀಲಿ ಬಿಲ್ಲೆ, ಒಂದೊಂದರಲ್ಲೂ ಬಾವಿಯಂಥ ಗುಳಿ.

"ಹೊಸ ಪೆಟ್ಟಿಗೆ ಬಂದು ಒಂದು ವಾರ ಆಗಿಲ್ಲ ಕಣಮ್ಮ. ಪೆಟ್ಟಿಗೆ ಪೂರಾ ಹಿಂಗೆ. ನಾನು ದಿನಾ ಹಲ್ಲಲ್ಲಿ ಗುಳಿ ನೋಡೋನು, ಇಂಥ ಗುಳಿ ನೋಡಿಲ್ಲ. ನಮಗೆ ರುದ್ರಣ್ಣ ಏನ್ ಮಾಡ್ತಿದ್ರು ಅಂತಾನೇ ಗೊತ್ತಿರ್ಲಿಲ್ಲ." ತಟ್ಟೆಯನ್ನು ಮತ್ತೆ ಕಿಟಕಿಯ ಮೇಲಿಟ್ಟರು. "ನಾಳೆಯಿಂದ ಬರಾಕೆ ಹೇಳ್ರಿ. ಬ್ಯಾಡ, ನಾನೇ ಬಂದು ಕರೀತೀನಿ."

ಬಂದೇ ಕರೆದರು, ನಮ್ಮ ಬೀದಿಯಲ್ಲಿ ಎಲ್ಲರೂ ನೋಡುವಂತೆ ಸ್ಕೂಟರ್ ನಿಲ್ಲಿಸಿ. ಶಿವನ ದೊಡ್ಡ ದಯೆ ಅದು. ಆದರೆ ರುದ್ರಣ್ಣ ನನ್ನ ಮೇಲೆ ಸಿಟ್ಟಾಗಿದ್ದರು. ಅವರು ಸಿಟ್ಟಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಯಾಕ್ ಹೋದೆ ತಾಯಿ ನೀನು?"

"ನನ್ನ ತಪ್ಪಿಗೆ ನೀವು ಸುಳ್ಳು ಹೇಳಿ ತಲೆ ಕೊಟ್ರೆ ಸುಮ್ನಿರ್ಲಾ?"

"ಸುಳ್ಳೆಲ್ಲಿ ಹೇಳ್ದೆ? ಯಾರು ಮಾಡಿದ್ದು ಅಂತ ಕೇಳಿದ್ರು, ತಪ್ಪು ನಂದು ಅಂದೆ. ನೀನು ಮಾಡಿದ್ದು ಒಳ್ಳೇ ಮನ್ಸಿಂದ. ಪರೀಕ್ಷೆ ಮಾಡ್ದೆ ಡಬ್ಬಿಗೆ ಇಟ್ಟಿದ್ದು ನನ್ ಕೈ. ಮೇಜಿನ ಹತ್ರ ಇರೋದೆಲ್ಲ ಮಾರ್ಕರ್ ಹೊಣೆ. ನಿನ್ ಪಾಲು ಹಿತ್ತಲಿಗೇ ಮುಗೀತು."

ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಪ್ಪಿನಲ್ಲಿ ತನ್ನ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಇಷ್ಟು ನಿಖರವಾಗಿ ಗೊತ್ತಿದ್ದವರನ್ನು ಕಂಡದ್ದು ಒಬ್ಬರನ್ನೇ.

ಆಮೇಲೆ ಮೇಜಿನ ಬಟ್ಟೆ ಬದಲಾಯಿಸಿದಾಗ ಹಳೆಯದರಲ್ಲಿ ಒಂದು ತುಂಡು ಮಡಚಿ ತಂದುಕೊಟ್ಟರು. ನಮ್ಮ ಮಿಕ್ಸಿಯ ಕೆಳಗೆ ಈಗಲೂ ಅದೇ ಹಸಿರು ಹಾಸಿದೆ. ಪುಡಿ ಡಬ್ಬಿಯನ್ನೂ ವಾಪಸು ಕೇಳಿದರು. "ಯಾತಕ್ಕೆ?" ಎಂದೆ. "ಯಾತಕ್ಕೂ ಅಲ್ಲ, ಇರ್ಲಿ. ನಿನ್ ಕೈಗೆ ಮಾತ್ರ ಸಿಗಬಾರ್ದು" ಎಂದು ನಕ್ಕರು. ಸಿಟ್ಟು ಹೋದದ್ದು ಆವಾಗ ಗೊತ್ತಾಯಿತು.

ಕಣ್ಣು ಮಂಜಾದ ಮೇಲೆ ರುದ್ರಣ್ಣ ಕೆಲಸ ಬಿಟ್ಟರು. ಗಂಡ ಹೆಂಡತಿ ಇಬ್ಬರೂ ಹೊಳಲ್ಕೆರೆಯಲ್ಲಿ ಮಗಳ ಮನೆಯ ಪಕ್ಕದಲ್ಲೇ ಮನೆ ಮಾಡಿದರು. ಹೋದ ಶ್ರಾವಣದಲ್ಲಿ ನಾನೂ ಯಜಮಾನರೂ ಬಸ್ಸು ಹತ್ತಿ ನೋಡಿಕೊಂಡು ಬಂದೆವು. "ಬರ್ರಿ, ಕುಂತ್ಕಳ್ರಿ" ಎಂದು ಜಾಗ ತೋರಿಸಿದ ಬೆರಳು ನಮ್ಮೆಲ್ಲರ ಬೆರಳಿನ ಬಣ್ಣವೇ ಆಗಿತ್ತು. ನೀಲಿ ಪೂರ್ತಿ ಹೋಗಿತ್ತು. ನನಗೆ ಬೇರೆ ಯಾರನ್ನೋ ನೋಡಿದಂತಾಯಿತು. ಹೊರಡುವಾಗ ಅಂಗಿ ಜೇಬಿನಿಂದ ಕೇರಂ ಕಾಯಿಯ ಮೇಲೆ ಕೂರಿಸಿದ ಒಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟರು. ಬೆಂಡೆಬೀಜದಷ್ಟು ದಪ್ಪ ಉಳಿದಿತ್ತು, ನುಣ್ಣಗೆ ಸಪಾಟು, ಎಲ್ಲಿಯೂ ಗುಳಿ ಇಲ್ಲ.

"ಇನ್ನೂ ಗಂಜಿ ಬಸೀತೀಯಾ ಪಾರ್ವತಮ್ಮ?"

"ಬಸೀತೀನಿ, ಸೀರೆಗೆ."

"ಹಂಗಾದ್ರೆ ಸರಿ. ಇದನ್ನ ಅದ್ರಿಂದ ದೂರ ಇಡು."

ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದೇನೆ. ಫೋನು ಬಂದ ಮೇಲೆ ತೆಗೆದು ತೋರುಬೆರಳಿನಿಂದ ಒಮ್ಮೆ ಸವರಿದೆ. ಉಜ್ಜಲಿಲ್ಲ. ತಿರುಗಿಸಿ ಮತ್ತೆ ಅಲ್ಲೇ ಇಟ್ಟೆ. ಬೆರಳಿನ ನೀಲಿಯನ್ನು ತೊಳೆಯಲು ಮನಸ್ಸು ಬರಲಿಲ್ಲ.

ನಾಳೆ ಮಣ್ಣಿಗೆ ಹೋಗಲು ಯಜಮಾನರಿಗೆ ಬಿಳಿ ಪಂಚೆ ಬೇಕು. ಪೆಟ್ಟಿಗೆಯಿಂದ ತೆಗೆದು ನೋಡಿದೆ, ಅಂಚಿನಲ್ಲಿ ಆ ಹಳೇ ನೀಲಿ ಇನ್ನೂ ಮಸುಕಾಗಿ ಇದೆ. ಬೇರೆ ಪಂಚೆಯೂ ಇತ್ತು, ಇದೇ ಇರಲಿ ಎಂದುಕೊಂಡೆ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಎದ್ದು ಗಂಜಿ ಬಸಿದು, ಆರಿಸಿ, ಪಂಚೆಯನ್ನು ಅದ್ದಿ ಹಿಂಡಿ ಒಣಹಾಕಿದೆ.