ಸಾಕಮ್ಮನ ಕೈ ನೋಡಿ ಕಲಿತ ಯಂತ್ರ

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ಹುಣಸೂರಿನ ಹೊರಗಿದ್ದ ಒಂದು ಶುಂಠಿ ಗೋದಾಮಿನಲ್ಲಿ ನಾನು ಕ್ವಾಲಿಟಿ ಸೂಪರ್‌ವೈಸರ್ ಆಗಿದ್ದೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಹೊಲಗಳಿಂದ ಬರುತ್ತಿದ್ದ ಹಸಿಶುಂಠಿಯನ್ನು ತೊಳೆದು, ವಿಂಗಡಿಸಿ, ದೂರದ ಊರುಗಳ ಲಾರಿಗೆ ತುಂಬಿಸುತ್ತಿದ್ದೆವು. ವಿಂಗಡಿಸುವವರೆಲ್ಲ ಹೆಂಗಸರು. ಗಡ್ಡೆಯನ್ನು ತಿರುಗಿಸಿ ನೋಡಿ ಒಳ್ಳೆಯದು, ಸಾಧಾರಣ, ಕೊಳೆತದ್ದು ಎಂದು ಬೇರೆ ಬೇರೆ ಟ್ರೇಗೆ ಹಾಕುತ್ತಿದ್ದರು. ಕೊಳೆತದ್ದೊಂದು ಉಳಿದರೂ ದೆಹಲಿ ಸೇರುವಷ್ಟರಲ್ಲಿ ಇಡೀ ಚೀಲ ಕೆಡುತ್ತದೆ.

ಮೊದಲು ಬಂದದ್ದು ಚಾಲಕರಿಲ್ಲದ ಗಾಡಿಗಳು. ನೆಲದ ಗೆರೆ ಹಿಡಿದು ಕ್ರೇಟುಗಳನ್ನು ತಾವೇ ಸಾಗಿಸುವ ರೋಬೊಗಳು. ಹಮಾಲರು ಮನೆಗೆ ಹೋದರು. ಆಮೇಲೆ ಪ್ರತಿ ಮೇಜಿನ ಮೇಲೂ ಕ್ಯಾಮೆರಾ ಬಂತು. ಯಾಕೆಂದು ಅದನ್ನು ಕೂರಿಸಲು ಬಂದ ಎಂಜಿನಿಯರ್ ಹುಡುಗನನ್ನು ಕೇಳಿದೆ. ಯಾವ ಗಡ್ಡೆ ಯಾವ ಟ್ರೇಗೆ ಬೀಳುತ್ತದೆ ಎಂಬುದನ್ನು ಎಐ ನೋಡಿ ಕಲಿಯುತ್ತದೆ, ಕಲಿತ ಮೇಲೆ ಯಂತ್ರದ ತೋಳುಗಳೇ ಈ ಕೆಲಸ ಮಾಡುತ್ತವೆ ಎಂದು ಹುಡುಗ ಹುರುಪಿನಿಂದ ವಿವರಿಸಿದ. ಅಂದೇ ಊಟದ ಹೊತ್ತಿಗೆ ಹೆಂಗಸರಿಗೆ ವಿಷಯ ತಿಳಿಸಿದೆ.

ಗಾವಡಗೆರೆ ಕಡೆಯ ಜಯಮ್ಮ ನಮ್ಮಲ್ಲೇ ಚುರುಕಿನ ಕೆಲಸಗಾರ್ತಿ. ಡಬ್ಬಿ ಮುಚ್ಚಿ ಹೇಳಿದಳು: "ಅಂಗಾರೆ ತಪ್ಪು ಕಲ್ಸಾಣ ಬುಡಿ. ಒಳ್ಳೇದ್ನೂ ಕೊಳ್ತಿರೋ ಟ್ರೇಗೇ ಆಕಾಣ. ಅದೇನ್ ಕಲ್ತದೋ ನೋಡಾಣ."

ಅವಳ ಪಕ್ಕದ ಮೇಜಿನವಳು ಸಾಕಮ್ಮ. ಊರಿನಲ್ಲೂ ಇಬ್ಬರದು ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. "ನನ್ ಕೈಲಾಗಕಿಲ್ಲ ಕಣ್ ಜಯಕ್ಕ. ಯಾರ್ದೋ ಬೆವ್ರು ಅದು. ಒಳ್ಳೇ ಮಾಲ್ನ ಎಸ್ಯಕೆ ಕೈ ಬರಕಿಲ್ಲ," ಅಂದಳು.

ಜಯಮ್ಮ ಒಬ್ಬಳೇ ಶುರುಮಾಡಿದಳು. ಸಂಜೆ ನಾನು ಅವಳ ಟ್ರೇ ಆರಿಸಿ ಒಳ್ಳೆಯ ಶುಂಠಿಯನ್ನು ವಾಪಸು ಹಾಕುತ್ತಿದ್ದೆ. ಆದರೆ ಯಂತ್ರ ಮೋಸಹೋಗಲಿಲ್ಲ. ಅಂಥದೇ ಗಡ್ಡೆಯನ್ನು ಉಳಿದವರು ಎಲ್ಲಿ ಹಾಕುತ್ತಾರೆಂದು ಹೋಲಿಸಿ ನೋಡಿ, ಜಯಮ್ಮನ ಮೇಜನ್ನು ಪರದೆಯ ಮೇಲೆ ಕೆಂಪಾಗಿ ತೋರಿಸಿತು. ಎಲ್ಲಕ್ಕಿಂತ ನಂಬಿಕೆಯ ಮೇಜು ಸಾಕಮ್ಮನದು ಎಂದಿತು.

ಮ್ಯಾನೇಜರ್ ಇಬ್ಬರನ್ನೂ, ಅಂದರೆ ಜಯಮ್ಮನನ್ನೂ ನನ್ನನ್ನೂ, ಕರೆಸಿದರು. "ಗೊತ್ತಾಗದೆ ಮಾಡಿದ್ದೋ, ಬೇಕಂತ ಮಾಡಿದ್ದೋ? ಬೇಕಂತ ಮಾಡಿದ್ರೆ ಪೊಲೀಸ್ ಕಂಪ್ಲೇಂಟ್ ಆಗುತ್ತೆ."

ನಾನು ಅಡ್ಡ ಬಾಯಿ ಹಾಕಿದೆ: "ಸಾರ್, ಈಚೆಗೆ ಅವಳಿಗೆ ಕಣ್ಣು ಮಂಜು."

ಜಯಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. "ನನ್ ಕಣ್ಗೇನೂ ಆಗಿಲ್ಲ ಸಾ. ಬೇಕಂತ್ಲೇ ಮಾಡ್ದೆ."

ಸುದ್ದಿ ಹೊರಗೆ ಹೋದೀತೆಂದೋ ಏನೋ, ದೂರು ಕೊಡಲಿಲ್ಲ. ಆದರೆ ಜಯಮ್ಮನನ್ನು ಅಂದೇ ಕೆಲಸದಿಂದ ತೆಗೆದರು. ಗೇಟಿನವರೆಗೆ ಜೊತೆಗೆ ಹೋದೆ. "ನೀವ್ಯಾಕೆ ಮೇಡಂ ನನ್ನ ಕುಲ್ಡಿ ಮಾಡಕ್ ಓದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದಳು.

ಮುಂದಿನ ಸುಗ್ಗಿಗೆ ಯಂತ್ರದ ತೋಳುಗಳು ಬಂದವು. ಉಳಿದ ಹೆಂಗಸರನ್ನೂ ಒಟ್ಟಿಗೇ ಬಿಡಿಸಿದರು. ಕೊನೆಯ ದಿನ ಸಾಕಮ್ಮ ಯಂತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದಳು.

"ತಿರುಗ್ಸಿ ನೋಡೋದು ನನ್ನಂಗೇ ಅಲ್ವಾ ಮೇಡಂ?"

ಹೌದೆಂದೆ.

"ಜಯಕ್ಕ ನನ್ ತಾವ ಮಾತಾಡಕಿಲ್ಲ. ಎದುರ್ಗೆ ಸಿಕ್ರೂ ಮೊಕ ತಿರುಗುಸ್ತಾಳೆ. ನನ್ನಿಂದ್ಲೇ ಅವ್ಳ್ ಕೆಲ್ಸ ಓಯ್ತು ಅಂತಾಳಂತೆ. ನಾನ್ ಮಾಡಿದ್ ತಪ್ಪೇನು ಯೋಳಿ?"

ಕೆಲಸವನ್ನು ಸರಿಯಾಗಿ ಮಾಡಿ ಎಂದು ದಿನವೂ ಹೇಳಿದವಳು ನಾನೇ. ಅವಳು ಸರಿಯಾಗಿ ಮಾಡಿದ್ದಳು. ಅದೇ ಇಬ್ಬರ ಅನ್ನಕ್ಕೂ ಕಲ್ಲು ಹಾಕಿತ್ತು.

ಸ್ವಲ್ಪ ದಿನಕ್ಕೆ ನಾನೂ ಕೆಲಸ ಬಿಟ್ಟೆ. ಹೊಸ ಯಂತ್ರ ಬಂತೆಂದು ಯಾರಾದರೂ ಹೇಳಿದರೆ, ಅದಕ್ಕೆ ಕಲಿಸಿದವರು ಯಾರು, ಅವರಿಗೆ ಏನು ಸಿಕ್ಕಿತು ಎಂದು ಈಗ ಮೊದಲು ಕೇಳುತ್ತೇನೆ. ಅಷ್ಟನ್ನು ಆ ಗೋದಾಮು ನನಗೆ ಕಲಿಸಿತು. ಅಲ್ಲಿ ಯಂತ್ರ ತರಿಸಿ ಹೆಂಗಸರನ್ನು ಬಿಡಿಸಬೇಕೆಂದು ತೀರ್ಮಾನಿಸಿದವರು ಎಲ್ಲೋ ದೊಡ್ಡ ಆಫೀಸಿನಲ್ಲಿದ್ದರು. ಅವರ ಮುಖವನ್ನು ಜಯಮ್ಮನೂ ಕಂಡಿಲ್ಲ, ಸಾಕಮ್ಮನೂ ಕಂಡಿಲ್ಲ. ಸಿಟ್ಟು ಮಾಡಿಕೊಳ್ಳಲು ಈ ಹೆಂಗಸರಿಗೆ ಸಿಕ್ಕವರು ಗೋಡೆಯಾಚೆಯ ಮನೆಯವರು ಮಾತ್ರ.